ಕುರುಗೋಡಿನ ಹಲಗೆಯ ಮೇಲೆ ಬರೆಯದ ಸುದ್ದಿ

ಆ ಸುದ್ದಿ ನನಗೆ ಬಂದು ಮುಟ್ಟಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಹೇಳಿದ, ನಾನು ಕೇಳಿದೆ, ಕೇಳಿದೆನೆಂದು ತಲೆಯನ್ನೂ ಆಡಿಸಿದೆ. ಆದರೆ ಹಲಗೆಯ ಮೇಲೆ ಬರೆಯಲಿಲ್ಲ. ಅದು ಒಂದು ತಪ್ಪು. ಆಮೇಲೆ ಸಭೆಯಲ್ಲಿ ಎಲ್ಲರೆದುರು ಕೇಳಿದಾಗ “ಸುದ್ದಿ ಬಂದೇ ಇಲ್ಲ” ಅಂದೆ. ಅದು ಇನ್ನೊಂದು. ಮೊದಲನೆಯದನ್ನು ಯಾರಾದರೂ ಮನ್ನಿಸಿಯಾರು. ಎರಡನೆಯದರ ಭಾರ ನನ್ನ ತಮ್ಮನ ಹೆಗಲ ಮೇಲೆ ಬಿತ್ತು, ಅವನು ಅದನ್ನು ಕೆಳಗಿಳಿಸದೆ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದ.

ಎಪ್ಪತ್ತರ ದಶಕ ಶುರುವಾದ ಹೊಸತು. ತಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮದುವೆ ಕಾರ್ಡು, ನಾಟಕದ ಹ್ಯಾಂಡ್‌ಬಿಲ್ಲು, ಬೀಡಿಕಟ್ಟಿನ ಲೇಬಲ್ಲು, ಇವೇ ಅಲ್ಲಿನ ಕೆಲಸ. ನಾನು ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ನನಗೆ ಗೊತ್ತಿದ್ದದ್ದು ರೊಟ್ಟಿ ಬಡಿಯುವುದೊಂದೇ. ಸಾಲಿಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟವಳು. ಆದರೆ ಅಕ್ಷರ ಮಾತ್ರ ದುಂಡಗಿದ್ದವು.

ತಮ್ಮ ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ. ಒಮ್ಮೆ ಬಾದನಹಟ್ಟಿಯ ರೈತನೊಬ್ಬ ಹತ್ತಿಯ ಅಂಡಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಳ್ಳಾರಿಗೆ ಒಯ್ದು, ಮಾರ್ಕೆಟ್ಟಿಗೆ ರಜೆ ಎಂದು ವಾಪಸ್ಸು ತಂದು, ನಮ್ಮ ಕಟ್ಟೆಯ ಮೇಲೆ ಕೂತು ಸರಕಾರವನ್ನೂ ಎತ್ತುಗಳನ್ನೂ ಒಂದೇ ಉಸಿರಿನಲ್ಲಿ ಬಯ್ಯುತ್ತಿದ್ದ. ತಮ್ಮ ತುತ್ತು ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

“ಅಕ್ಕಾ, ನಮ್ಮ ಮಂದಿ ಅರ್ಧ ಆಯುಷ್ಯ ರಸ್ತೆದಾಗ ಕಳೀತಾರ ನೋಡು. ದವಾಖಾನಿಗೆ ಹೋದ್ರ ಡಾಕ್ಟ್ರಿಲ್ಲ, ಆಫೀಸಿಗೆ ಹೋದ್ರ ಸಾಹೇಬಿಲ್ಲ. ಹೋದ ಮ್ಯಾಲ ಗೊತ್ತಾಗ್ತೈತಿ, ಹೋಗಬಾರದಿತ್ತು ಅಂತ.”

“ಅದಕ್ಕ ನೀ ಏನ್ ಮಾಡಾಕ ಆಗ್ತೈತಿ? ಉಣ್ಣು ಮೊದ್ಲ.”

“ಮೂರು ಕರಿಹಲಗಿ ಸಾಕವ್ವಾ. ಬಳ್ಳಾರ್ಯಾಗ ಒಂದು, ಇಲ್ಲೊಂದು, ಸಿರುಗುಪ್ಪದಾಗ ಒಂದು. ಮುಂಜಾನಿ ಬಸ್ಸಿಗೆ ನಾ ಸುದ್ದಿ ಹೇಳಿ ಕಳಸ್ತೀನಿ. ಇಲ್ಲಿ ನೀ ಬರಿ. ಅಲ್ಲಿ ಇನ್ನೊಬ್ರು ಬರೀಲಿ.”

ಅಷ್ಟೇ ಅವನ ಯೋಜನೆ. ಒಂದು ರೊಟ್ಟಿ ಮುಗಿಯುವುದರೊಳಗೆ ಹೇಳಿ ಮುಗಿಸಿದ್ದ. ಅದು ಅಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಊರಿಗೆ ಉಪಕಾರವಾಗುವ ಕೆಲಸವನ್ನು ಒಬ್ಬನೇ ಮಾಡಿದರೆ ಊರು ಸುಮ್ಮನಿರುತ್ತದೆಯೇ? ಒಂದು ಸಂಘ ಬೇಕು ಅಂದರು. ಸಂಘಕ್ಕೆ ಅಧ್ಯಕ್ಷರು ಬೇಕು ಅಂದರು. ಕುರುಗೋಡಿನ ದೊಡ್ಡ ಹತ್ತಿ ವ್ಯಾಪಾರಿಯೊಬ್ಬರು, ಬೇಡ ಬೇಡ ಅನ್ನುತ್ತಲೇ ಬಂದು, ಇದ್ದ ಒಂದೇ ಕೈಕುರ್ಚಿಯಲ್ಲಿ ಕೂತರು.

ಸಭೆಗಳು ನಮ್ಮ ಖಾನಾವಳಿಯಲ್ಲೇ ನಡೆಯುತ್ತಿದ್ದವು. ಮಂಡಕ್ಕಿ ಒಗ್ಗರಣಿ, ಮಿರ್ಚಿ ನನ್ನ ಕಡೆಯಿಂದ. ಮೊದಲನೇ ಸಭೆಯಲ್ಲಿ ಹೆಸರಿನ ವಿಚಾರ ಬಂತು. ತಮ್ಮ “ಸುದ್ದಿ ಹಲಗೆ” ಅಂದ. ಅಷ್ಟು ಸಣ್ಣ ಹೆಸರಿಗೆ ಯಾರು ಬೆಲೆ ಕೊಡುತ್ತಾರೆ ಎಂದು ಎಲ್ಲರೂ ಒಂದೊಂದು ಶಬ್ದ ಸೇರಿಸಿದರು. ಕೊನೆಗೆ ಅದು “ಬಳ್ಳಾರಿ ಉತ್ತರ ವಲಯ ಸಾರ್ವಜನಿಕ ಸಮಾಚಾರ ವಿನಿಮಯ ಮತ್ತು ಗ್ರಾಮೋನ್ನತಿ ಸಂಘ” ಎಂದಾಯಿತು. ಈ ಹೆಸರು ರಬ್ಬರ್ ಸ್ಟ್ಯಾಂಪಿನಲ್ಲಿ ಹಿಡಿಸದೆ ರೊಟ್ಟಿಯಷ್ಟಗಲದ ಸ್ಟ್ಯಾಂಪು ಮಾಡಿಸಿದರು. ಹಲಗೆಯ ತಲೆಯ ಮೇಲೆ ಅದನ್ನೇ ಬಿಳಿ ಬಣ್ಣದಲ್ಲಿ ಬರೆಸಿದಾಗ ಹಲಗೆಯ ಮೂರನೇ ಒಂದು ಪಾಲು ಮುಗಿದೇಹೋಯಿತು. ಸುದ್ದಿಗೆ ಉಳಿದದ್ದು ಕೆಳಗಿನ ಜಾಗ.

ಎರಡನೇ ಸಭೆಯಲ್ಲಿ ಭಾಷೆಯ ಜಗಳ. ಸಿರುಗುಪ್ಪದವರು ತೆಲುಗೂ ಇರಲಿ ಅಂದರು, ಕೌಲ್ ಬಜಾರಿನವರು ಉರ್ದು ಯಾಕಿರಬಾರದು ಅಂದರು. ತಮ್ಮ ಎದ್ದು, ಜಾಗವೇ ಇಲ್ಲವೆಂದು ಸಂಘದ ಹೆಸರಿನ ಕಡೆ ಬೆರಳು ತೋರಿಸಿದ. ಬರೆಯುವುದು ಕನ್ನಡದಲ್ಲಿ, ಓದಿ ಹೇಳುವುದು ಕೇಳುವವರ ಭಾಷೆಯಲ್ಲಿ ಎಂದು ತೀರ್ಮಾನವಾಯಿತು. ಸಂಘ ಮಾಡಿದ ಒಳ್ಳೆಯ ತೀರ್ಮಾನ ಅದೊಂದೇ.

ಮೂರನೇ ಸಭೆಯಲ್ಲಿ ಕುರುಗೋಡಿನವರು ಒಂದು ಪ್ರಶ್ನೆ ಎತ್ತಿದರು.

“ಬಸ್ಸು ನಮ್ಮೂರ ದಾಟಿ ಸಿರುಗುಪ್ಪಕ್ಕ ಹೋಗ್ತೈತಿ. ನಾವು ಚಾ ಕುಡಿಯೋದ್ರಾಗ ಕಂಡಕ್ಟರ್ ಹೋಗಿ ಅಲ್ಲಿ ಸುದ್ದಿ ಹೇಳಿಬಿಟ್ರ? ನಮಗಿಂತ ಮೊದ್ಲ ಅವ್ರಿಗೆ ಗೊತ್ತಾಗೋದು ಯಾವ ನ್ಯಾಯರೀ?”

“ಮೊದ್ಲ ಗೊತ್ತಾದ್ರ ನಿಮ್ಮ ಗಂಟೇನ್ ಹೋಗ್ತೈತಿ?” ಅಂದ ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತ. ಅಲ್ಲಿಯ ಹಲಗೆ ಬರೆಯುವವನು ಅವನೇ.

ಇದರ ಮೇಲೆ ಬಹಳ ಹೊತ್ತು ಕೂಗಾಡಿ ಒಂದು ನಿಯಮ ಮಾಡಿದರು. ಬಳ್ಳಾರಿಯ ಸುದ್ದಿ ಮೊದಲು ಕುರುಗೋಡಿನ ಹಲಗೆಯ ಮೇಲೆ ಬರಬೇಕು. ಅದನ್ನು ಕಂಡಕ್ಟರ್ ಕಣ್ಣಾರೆ ನೋಡಿದ ಮೇಲೆಯೇ ಸಿರುಗುಪ್ಪದಲ್ಲಿ ಬಾಯಿ ಬಿಡಬೇಕು. ಇಲ್ಲಿ ಬರೆಯದ ಸುದ್ದಿಯನ್ನು ಅಲ್ಲಿ ಬರೆಯಕೂಡದು. ಹಲಗೆ ಶುರುವಾದ ಮೇಲೆ ಒಮ್ಮೆ ಕಂಡಕ್ಟರ್ ಮರೆತು ಸಿರುಗುಪ್ಪದಲ್ಲಿ ನೇರವಾಗಿ ಹೇಳಿಬಿಟ್ಟಾಗ ಅಧ್ಯಕ್ಷರು ಅವನನ್ನು ಕರೆಸಿ ಅರ್ಧ ತಾಸು ಬುದ್ಧಿ ಹೇಳಿದ್ದರು. ಸಂಬಳವಿಲ್ಲದೆ, ಡಿಪೋದವರಿಗೆ ತಿಳಿಯದಂತೆ, ಬರೀ ತಮ್ಮನ ಮೇಲಿನ ಪ್ರೀತಿಗೆ ಸುದ್ದಿ ಹೊರುತ್ತಿದ್ದ ಕೌಲ್ ಬಜಾರಿನ ಸಾಬರ ಹುಡುಗ ಅವನು. “ಆಯ್ತು ಸಾಬ್, ಇನ್ಮ್ಯಾಲ ಬಾಯಿಗೆ ಬೀಗ” ಅಂದು ನಗುತ್ತ ಹೋಗಿದ್ದ.

ಉದ್ಘಾಟನೆಗೆ ಬಂದ ಗಣ್ಯರು ಹಲಗೆಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿದರು. ಗಣ್ಯರು ಹಾಕಿದ ಹಾರ ತೆಗೆಯುವವರು ಯಾರು? ಅದು ಒಣಗಿ ತಾನಾಗಿ ಉದುರುವವರೆಗೆ ನಾನು ಹೂವಿನ ಸಂದಿಯಲ್ಲಿ ಕೈ ತೂರಿಸಿ ಬಸ್ಸಿನ ವೇಳೆ ಬರೆದೆ.

ಇಷ್ಟೆಲ್ಲ ಆದರೂ ಹಲಗೆ ನಡೆಯಿತು. ಅದು ತಮ್ಮನಿಂದ. ಸಂಘದವರು ಯಾವುದನ್ನು ಬೇಕಾದರೂ ತೀರ್ಮಾನಿಸಲಿ, ಸುದ್ದಿಯನ್ನು ಮಾತ್ರ ಅವನು ತಾನೇ ಹೋಗಿ ನೋಡಿ ಕಳಿಸುತ್ತಿದ್ದ. ಹಲ್ಲಿನ ಡಾಕ್ಟರು ರಜೆಯಿಂದ ಬಂದಿದ್ದಾರೆ ಎಂದು ಯಾರೋ ಹೇಳಿದರೆ ಸೈಕಲ್ ಹತ್ತಿ ದವಾಖಾನೆಗೆ ಹೋಗಿ ಡಾಕ್ಟರ ಮುಖ ನೋಡಿ ಬರುತ್ತಿದ್ದ. ಬೀಜ ಬಂದಿದೆ ಅಂದರೆ ಗೋದಾಮಿಗೆ ಹೋಗಿ ಚೀಲ ಮುಟ್ಟಿ ನೋಡುತ್ತಿದ್ದ. “ಹಲಗಿ ಮ್ಯಾಲ ಬಂತಂದ್ರ ಖರೇ ಇರಬೇಕಕ್ಕಾ. ಒಂದ್ಸಲ ಸುಳ್ಳಾದ್ರ ಮುಗೀತು” ಅನ್ನುತ್ತಿದ್ದ. ಒಂದು ವರ್ಷದೊಳಗೆ ಸುತ್ತಿನ ಹಳ್ಳಿಗಳಲ್ಲಿ ಯಾರು ಏನು ಹೇಳಿದರೂ “ಹಲಗಿ ಮ್ಯಾಲ ಐತೇನು?” ಅಂತ ಕೇಳುವುದು ರೂಢಿಯಾಯಿತು. ತಮ್ಮ ಬಸ್ಸಿಳಿದರೆ ಹಿರಿಯರೂ ಕಟ್ಟೆಯಿಂದ ಎದ್ದು ಮಾತಾಡಿಸುತ್ತಿದ್ದರು. ಮೊಳೆ ಜೋಡಿಸುವವನಿಗೆ ಅಷ್ಟು ಮರ್ಯಾದೆ ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

ಅವನು ನೋಡದೆ ಸಂಘದವರೇ ಕಳಿಸಿದ ಸುದ್ದಿಗಳೂ ಇದ್ದವು. ಮೋಕ ಊರಿನಲ್ಲಿ ಒಂದು ಎಮ್ಮೆ ಸಿಕ್ಕಿದೆ, ಕಪ್ಪು ಬಣ್ಣ, ಎರಡು ಕೊಂಬು, ಕಳಕೊಂಡವರು ಗುರುತು ಹೇಳಿ ಒಯ್ಯಬೇಕು ಎಂದು ಅಧ್ಯಕ್ಷರು ಒಮ್ಮೆ ಬರೆಸಿದರು. ಮೂರು ಊರಿನಿಂದ ಜನ ಬಂದು ಕಪ್ಪು ಬಣ್ಣ, ಎರಡು ಕೊಂಬು ಎಂದು ಸರಿಯಾಗಿ ಗುರುತು ಹೇಳಿದರು.

ಇನ್ನು ಸಾವಿನ ಸುದ್ದಿ. ಅದಕ್ಕೆ ನಿಯಮವನ್ನು ಯಾರೂ ಮಾಡಲಿಲ್ಲ, ಅದೇ ಆಯಿತು. ಶುರುವಿನಲ್ಲಿ ಒಬ್ಬರು ತೀರಿಕೊಂಡದ್ದನ್ನು ಬರೆದು ಮರುದಿನ ಅಳಿಸಿದ್ದೆ. ಅವರ ಮಗ ಬಂದು ಬಾಗಿಲಲ್ಲಿ ನಿಂತು ಕೂಗಿದ: “ನಮ್ಮಪ್ಪ ನಿನ್ನಿ ಒಮ್ಮಿ ಸತ್ತ, ಇವತ್ತು ನೀ ಇನ್ನೊಮ್ಮಿ ಸಾಯಿಸಿದೇನವ್ವಾ?” ಅಂದಿನಿಂದ ಸತ್ತವರ ಹೆಸರನ್ನು ದಿನಕರ್ಮ ಮುಗಿಯುವವರೆಗೆ ಯಾರೂ ಅಳಿಸುವಂತಿರಲಿಲ್ಲ. ಮುಗಿದ ಮೇಲೆ ಮನೆಯವರೇ ಬಂದು, ಹಲಗೆಗೆ ಕೈಮುಗಿದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹೀಗಾಗಿ ಹಲಗೆಯ ಮೇಲೆ ತಲೆಯ ಕಡೆ ಸಂಘದ ಹೆಸರು, ನಡುವೆ ಸತ್ತವರು, ಬದುಕಿದವರಿಗೆ ಏನಾದರೂ ತಿಳಿಸುವುದಿದ್ದರೆ ಕೆಳಗಿನ ಮೂಲೆ. ಮುಂಜಾನೆ ಜನ ಬಂದು ತಮ್ಮ ಹೆಸರಿಲ್ಲವೆಂದು ಖಾತ್ರಿ ಮಾಡಿಕೊಂಡು ಚಾ ಕುಡಿಯುತ್ತಿದ್ದರು.

ಅಂಥದ್ದರಲ್ಲಿ ಅಧ್ಯಕ್ಷರ ತಾಯಿ ತೀರಿಕೊಂಡರು.

ಅಧ್ಯಕ್ಷರ ತಾಯಿ ಮೂಲೆಯಲ್ಲಿ ಹಿಡಿಸುವ ಹೆಂಗಸಲ್ಲ. ಅವರ ಮನೆಯವರು ಬಂದು ಇಡೀ ಹಲಗೆ ಬೇಕು ಅಂದರು. ನಾನು ಹಲಗೆಯನ್ನು ತೊಳೆದು, ಸುತ್ತಲೂ ರಂಗೋಲಿಯ ಬಳ್ಳಿ ಎಳೆದು, ನಾಲ್ಕು ಮೂಲೆಗೆ ಬಿಲ್ವಪತ್ರಿ ಬಿಡಿಸಿ, ನಡುವೆ ಅವರ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಬರೆದೆ. ಹೆಸರಿಗೂ ಶಿವೈಕ್ಯರಾದರು ಎಂಬ ಮಾತಿಗೂ ಹಳದಿ ಬಣ್ಣ ತುಂಬಿದೆ. ಊರಿಗೆ ಊರೇ ಬಂದು ನೋಡಿತು. ಮಾಸ್ತರರೊಬ್ಬರು ಸೈಕಲ್ಲಿನಿಂದ ಇಳಿದು, “ಯಾರ ಅಕ್ಷರರೀ ಇವು? ಯಾವ ಸಾಲ್ಯಾಗ ಕಲ್ತಾರ?” ಎಂದು ಕೇಳಿದರು. ನಾನು ಒಲೆಯ ಮುಂದಿನಿಂದಲೇ ಕೇಳಿಸಿಕೊಂಡೆ. ನನ್ನ ರೊಟ್ಟಿಯನ್ನು ಎಲ್ಲರೂ ಹೊಗಳುತ್ತಿದ್ದರು. ಅಕ್ಷರವನ್ನು ಹೊಗಳಿದ್ದು ಅದೇ ಮೊದಲು. ಆ ವಾರವೆಲ್ಲ ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದು ಬಂದು ಹಲಗೆ ನೋಡುತ್ತಿದ್ದೆ.

ಅದೇ ವಾರ ಸಿರುಗುಪ್ಪದ ಸಾಲಿಯಲ್ಲಿ ಕಣ್ಣಿನ ಶಿಬಿರವಿತ್ತು. ದೂರದಿಂದ ಡಾಕ್ಟರುಗಳು ಬಂದು ಪೊರೆ ತೆಗೆಯುತ್ತಾರೆ, ಹಾಸಿಗೆ ತರಬೇಕು, ಜೊತೆಗೊಬ್ಬರು ಇರಬೇಕು ಎಂದು ತಿಂಗಳ ಹಿಂದೆಯೇ ಹಲಗೆಯ ಮೇಲೆ ಬಂದಿತ್ತು. ಹಳ್ಳಿಹಳ್ಳಿಯ ಮುದುಕರು ಅದನ್ನೇ ಕಾಯುತ್ತಿದ್ದರು. ಇನ್ನೆರಡು ದಿನ ಇದೆ ಅನ್ನುವಾಗ ಮುಂಜಾನೆಯ ಬಸ್ಸು ಬಂತು. ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ.

“ಅಕ್ಕಾ, ಜಲ್ದಿ ಬರೀರಿ. ಸಿರುಗುಪ್ಪ ಸಾಲ್ಯಾಗ ಮಂತ್ರಿ ಪ್ರೋಗ್ರಾಂ ಬಂದೈತಿ. ಕಣ್ಣಿನ ಕ್ಯಾಂಪು ಬಳ್ಳಾರಿಗೆ ಹೋಗೈತಿ. ಅಲ್ಲಿಗೇ ಬರಬೇಕಂತ. ನಿಮ್ಮ ತಮ್ಮ ಎರಡೆರಡು ಸಲ ಹೇಳಿ ಕಳ್ಸ್ಯಾನ.”

ನಾನು ಹಲಗೆಯ ಕಡೆ ನೋಡಿದೆ. ಬರೆಯಬೇಕಾದರೆ ಬಳ್ಳಿಯನ್ನು ಅಳಿಸಬೇಕು, ಇಲ್ಲವೇ ಹೆಸರನ್ನು. ದಿನಕರ್ಮಕ್ಕೆ ಇನ್ನೂ ಎರಡು ದಿನವಿತ್ತು.

“ನೀ ನಡಿ, ಆಮ್ಯಾಲ ಬರೀತೀನಿ.”

“ನೀವು ಬರೀದ ನಾ ಅಲ್ಲಿ ಹೇಳಂಗಿಲ್ಲಲ್ಲಕ್ಕಾ, ರೂಲ್ ಐತಿ.”

“ಸಂಜಿ ಬಸ್ಸಿಗೆ ಹೇಳಿದ್ರಾತು. ಹೋಗು ಹೋಗು, ಡ್ರೈವರ್ ಹಾರನ್ ಹೊಡೀತಾನ.”

ಸಂಜೆಯೂ ಬರೆಯಲಿಲ್ಲ. ಅಧ್ಯಕ್ಷರ ಮನೆಯವರಿಗೆ ಹೆದರಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ಹೋಗಿ ಒಂದು ಮಾತು ಕೇಳಬಹುದಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಬರೆಯಬಹುದಿತ್ತು. ನಿಜ ಏನೆಂದರೆ, ಆ ಬಳ್ಳಿಯ ಪಕ್ಕ ಇನ್ನೊಂದು ಸಾಲು ಬಂದರೆ ಅಂದ ಕೆಡುತ್ತದೆ ಅನ್ನಿಸಿತ್ತು. ಊಟಕ್ಕೆ ಬಂದ ಇಬ್ಬರು ಮೂವರಿಗೆ ಬಾಯಲ್ಲಿ ಹೇಳಿದೆ. ಅವರು ಹೊರಗೆ ಹೋಗಿ ಹಲಗೆ ನೋಡಿ, “ಹಲಗಿ ಮ್ಯಾಲ ಇಲ್ಲಲ್ಲವ್ವಾ, ಖರೇ ಇರಲಿಕ್ಕಿಲ್ಲ” ಅಂದುಕೊಂಡು ಹೋದರು. ತಮ್ಮ ಗಳಿಸಿದ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಸಿರುಗುಪ್ಪದ ಗುಮಾಸ್ತನ ಕಣ್ಣೆದುರೇ ಸಾಲಿಯ ಅಂಗಳದಲ್ಲಿ ಮಂತ್ರಿಗಳ ಪೆಂಡಾಲು ಎದ್ದಿತ್ತು. ಆದರೂ ಅವನು ತನ್ನ ಹಲಗೆಯ ಮೇಲೆ ಬರೆಯಲಿಲ್ಲ. ಕುರುಗೋಡಿನಲ್ಲಿ ಬರೆಯದ ಸುದ್ದಿಯನ್ನು ಬರೆಯುವ ಅಧಿಕಾರ ಅವನಿಗಿರಲಿಲ್ಲ.

ಬಾದನಹಟ್ಟಿಯಿಂದ ಒಂದು ಲಾರಿ ತುಂಬ ಮುದುಕ ಮುದುಕಿಯರು ಹಾಸಿಗೆ ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೋದರು. ಪೆಂಡಾಲು ನೋಡಿ ಇದೇ ಶಿಬಿರವೆಂದು ಮುಂದಿನ ಸಾಲಿನಲ್ಲೇ ಕೂತರು. ಮಂತ್ರಿಗಳು ಬಂದು ಒಂದು ತಾಸು ಮಾತಾಡಿದರು. ಮುದುಕರು ಅವರನ್ನೇ ಡಾಕ್ಟರೆಂದು ತಿಳಿದು ಭಕ್ತಿಯಿಂದ ಕೇಳಿದರು. ನಿಜ ಗೊತ್ತಾಗುವುದರೊಳಗೆ ಬಳ್ಳಾರಿಯಲ್ಲಿ ಹೆಸರು ಬರೆಸಿಕೊಳ್ಳುವುದು ಮುಗಿದಿತ್ತು. ಮುಂದಿನ ಶಿಬಿರ ಮುಂದಿನ ವರ್ಷ.

ವಾಪಸ್ಸು ಬರುವಾಗ ಲಾರಿ ನಮ್ಮ ಖಾನಾವಳಿ ಮುಂದೆ ನಿಂತಿತು. ಒಬ್ಬ ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಇಳಿದಳು. ತಡವರಿಸುತ್ತ ಬಂದು ಹಲಗೆಯನ್ನು ಅಂಗೈಯಿಂದ ಸವರಿದಳು. ಅಧ್ಯಕ್ಷರ ತಾಯಿಯ ಹೆಸರು ಅವಳ ಕೈಗೆ ಹಳದಿಯಾಗಿ ಅಂಟಿಕೊಂಡಿತು.

“ನನಗಂತೂ ಕಣ್ಣಿಲ್ಲ. ನಿಮ್ಮ ಹಲಗಿಗೂ ಇಲ್ಲೇನವ್ವಾ?” ಅಂದಳು.

ನಾನು ಅವಳಿಗೆ ನೀರು ಕೊಟ್ಟೆ.

ಸಂಘದ ತುರ್ತು ಸಭೆ ಸೇರಿತು. ತುರ್ತು ಸಭೆಗೂ ಒಗ್ಗರಣಿ ಬೇಕಿತ್ತು, ಮಾಡಿದೆ. ಮೊದಲನೆಯದಾಗಿ ಅಧ್ಯಕ್ಷರ ತಾಯಿಗೆ ಸಂತಾಪ ಸೂಚಿಸಿ ಎಲ್ಲರೂ ಎದ್ದು ನಿಂತರು. ಎರಡನೆಯದಾಗಿ ನಿಧನದ ಸುದ್ದಿಯನ್ನು ಸುಂದರವಾಗಿ ಬರೆದ ಅಕ್ಕನವರ ಅಕ್ಷರಕ್ಕೆ ಸಭೆ ಮೆಚ್ಚುಗೆ ಸೂಚಿಸಿತು. ಚಪ್ಪಾಳೆ ತಟ್ಟಿದರು. ನಾನು ಸೆರಗು ಸರಿಮಾಡಿಕೊಂಡೆ. ಮೂರನೆಯದು ಕಣ್ಣಿನ ಶಿಬಿರದ ವಿಚಾರ.

ತಮ್ಮ ನನ್ನ ಕಡೆ ತಿರುಗಿದ. ಬಹಳ ಮೆತ್ತಗೆ ಕೇಳಿದ.

“ಅಕ್ಕಾ, ನಾ ಕಳ್ಸಿದ ಸುದ್ದಿ ಬಂದಿತ್ತಲ್ಲ?”

ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. “ಬಂದಿಲ್ಲ” ಅಂದೆ. “ಯಾವ ಸುದ್ದೀನೂ ಬಂದಿಲ್ಲಪ್ಪ.”

ಅಧ್ಯಕ್ಷರು ಮೇಜು ಗುದ್ದಿದರು. “ಹಂಗಾದ್ರ ಆ ಕಂಡಕ್ಟರಂದು ತಪ್ಪು. ಬರೀರಿ ಡಿಪೋಕ್ಕ. ನೌಕ್ರಿ ಹೋಗ್ಲಿ, ಬುದ್ಧಿ ಬರತೈತಿ.”

ಆಗ ನಾನು ಬಾಯಿ ಬಿಡಬೇಕಿತ್ತು. ಒಳಗೆ ಒಲೆಯ ಮೇಲೆ ಏನೋ ಹೊತ್ತುತ್ತಿದೆ ಅನ್ನುವವಳಂತೆ ಎದ್ದು ನಿಂತೆ. ಅಷ್ಟರಲ್ಲಿ ತಮ್ಮ ಮಾತಾಡಿದ.

“ಕಂಡಕ್ಟರಂದು ತಪ್ಪಿಲ್ಲರೀ. ನಾನs ಹೇಳಿ ಕಳ್ಸಾಕ ಮರ್ತೆ.”

“ಮರ್ತಿ? ಮಂದಿ ಕಣ್ಣಿನ ವಿಚಾರ ಮರ್ತಿ?”

“ಹೌದ್ರಿ. ಮರ್ತೆ.”

ಅವನು ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಸಭೆಗೆ ಬರುವ ಮೊದಲೇ ಕಂಡಕ್ಟರ್ ಅವನಿಗೆ ಎಲ್ಲವನ್ನೂ ಹೇಳಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು. ಗೊತ್ತಿದ್ದೇ ಕೇಳಿದ್ದ. ನಾನೇ ಹೇಳಲಿ ಎಂದು ದಾರಿ ಮಾಡಿಕೊಟ್ಟಿದ್ದ.

ಅಂದಿನಿಂದ ಅವನು ಮರೆಗುಳಿಯಾದ. ಕುರುಗೋಡಿನ ಕಟ್ಟೆಯ ಮೇಲಿನವರು ಅವನು ಬಸ್ಸಿಳಿದರೆ, “ಏನಪ್ಪಾ, ಇಳಿಯೋದು ಮರೀಲಿಲ್ಲಲ್ಲ ಇವತ್ತು?” ಅನ್ನುತ್ತಿದ್ದರು. ಪ್ರೆಸ್ಸಿನ ಮಾಲಕ ಅವನು ಜೋಡಿಸಿದ್ದನ್ನೆಲ್ಲ ಇನ್ನೊಬ್ಬನಿಂದ ಓದಿಸತೊಡಗಿದ. ಬಾದನಹಟ್ಟಿಯ ಅಜ್ಜಿಯನ್ನು ಮರುವರ್ಷ ತಾನೇ ಕರೆದುಕೊಂಡು ಹೋಗಿ ಪೊರೆ ತೆಗೆಸಿದ. ಅದಕ್ಕೂ, “ತಪ್ಪು ಮಾಡಿದ್ದ, ತೀರಿಸ್ದ” ಅಂದರು. ಕಂಡಕ್ಟರ್ ಒಂದು ಮಾತೂ ಆಡಲಿಲ್ಲ, ಆದರೆ ನಮ್ಮ ಖಾನಾವಳಿಯಲ್ಲಿ ಚಾ ಕುಡಿಯುವುದನ್ನು ಬಿಟ್ಟ.

ಸುದ್ದಿ ಕಳಿಸುವ ಕೆಲಸದಿಂದ ತಮ್ಮನನ್ನು ಬಿಡಿಸಿದರು. ಅವನಿಲ್ಲದ ಸಂಘ ಆರು ತಿಂಗಳು ನಡೆಯಿತು. ಬಳ್ಳಾರಿಯ ಹಲಗೆಯ ಮೇಲೆ ಟಾಕೀಸಿನವರು ಪೋಸ್ಟರು ಅಂಟಿಸಿದರು. ಸಿರುಗುಪ್ಪದ್ದರ ಮೇಲೆ ಗಿರಣಿಯವರು “ಇಲ್ಲಿ ಎತ್ತು ಕಟ್ಟಬಾರದು” ಎಂದು ಬರೆದು, ಅದಕ್ಕೇ ಎತ್ತು ಕಟ್ಟುತ್ತಿದ್ದರು. ನಮ್ಮದರ ಮೇಲೆ ನಾನು ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಎಂದು ದುಂಡಗೆ ಬರೆದೆ. ವಾರಕ್ಕೊಮ್ಮೆ ತಮ್ಮ ಅದರ ಕೆಳಗೇ ಕೂತು ಉಣ್ಣುತ್ತಿದ್ದ. ಅವನು ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಅತ್ತು ಮುಗಿಸುತ್ತಿದ್ದೆ. ಅವನು ಇನ್ನೊಂದು ರೊಟ್ಟಿ ಹಾಕು ಅನ್ನುತ್ತಿದ್ದ.

ಎಂಬತ್ತರ ದಶಕ ಅರ್ಧ ಕಳೆದಿರಬೇಕು. ಊರಿಗೆ ಫೋನು, ಟೀವಿ ಬಂದಿದ್ದವು. ಬಳ್ಳಾರಿಯಲ್ಲಿ ಕೆಲವು ಹುಡುಗರು ಸೇರಿ, ಫೋನಿನ ಮೂಲಕ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ಒಂದು ಕೇಂದ್ರ ಮಾಡುತ್ತೇವೆಂದು ಸಭೆ ಕರೆದರು. ಹಿಂದೆ ಹಲಗೆ ನಡೆಸಿದವರನ್ನೆಲ್ಲ ಕರೆದಿದ್ದರು. ತಮ್ಮ ನನ್ನನ್ನೂ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ದಾರಿಯಲ್ಲಿ, “ಕೇಂದ್ರ ನೋಡ್ಕೊಳ್ಳಾಕ ನನ್ನ ಹೆಸರು ಹೇಳ್ತಾರಂತಕ್ಕಾ” ಅಂದ. ಅವನ ದನಿಯಲ್ಲಿ ಅಷ್ಟು ಆಸೆ ನಾನು ಕೇಳಿ ಬಹಳ ವರ್ಷವಾಗಿತ್ತು.

ವೇದಿಕೆಯ ಮೇಲೆ ನಮ್ಮ ಹಳೆಯ ಅಧ್ಯಕ್ಷರು ಇದ್ದರು. ಈಗಲೂ ಕೈಕುರ್ಚಿಯಲ್ಲೇ. ಒಬ್ಬ ಹುಡುಗ ಎದ್ದು, ಸುದ್ದಿಯ ಹೊಣೆ ಇವರಿಗೇ ಇರಲಿ ಎಂದು ತಮ್ಮನ ಹೆಸರು ಹೇಳಿದ. ಅಧ್ಯಕ್ಷರು ಮೈಕಿನ ಮುಂದೆ ಬಾಗಿದರು.

“ಒಳ್ಳೆ ಮನುಷ್ಯನs ಅದಾನ. ಸಲಹಿ ಕೊಡ್ಲಿ, ಚಾ ಕುಡೀಲಿ. ಆದ್ರ ಸುದ್ದಿ ಕಳ್ಸೋ ಕೆಲ್ಸ ಮಾತ್ರ ಬ್ಯಾಡ್ರಪ್ಪಾ. ಮರ್ತs ಬಿಡ್ತಾನ!”

ಸಭೆ ನಕ್ಕಿತು. ಗೊತ್ತಿದ್ದವರೂ ನಕ್ಕರು, ಗೊತ್ತಿಲ್ಲದ ಹುಡುಗರೂ ನಕ್ಕರು. ಹೆಸರು ಹೇಳಿದ ಹುಡುಗ ಕೂತುಬಿಟ್ಟ. ಪಕ್ಕದಲ್ಲಿ ತಮ್ಮನೂ ನಗುತ್ತಿದ್ದ. ಆ ನಗು ಅವನಿಗೆ ರೂಢಿಯಾಗಿಬಿಟ್ಟಿತ್ತು.

ನಾನು ಎದ್ದು ನಿಂತೆ. ಅವನಿಗೆ ತಿಳಿಯಿತು. ಸೆರಗಿನ ತುದಿ ಹಿಡಿದು ಜಗ್ಗಿದ.

“ಅಕ್ಕಾ, ಕುಂದ್ರು. ಹಳೇದು ಅದು. ಬಿಡು.”

“ಏನವ್ವಾ, ಏನರ ಹೇಳೋದೈತೇನು?” ಅಂದರು ಅಧ್ಯಕ್ಷರು.

“ಐತ್ರಿ” ಅಂದೆ. “ಇಂವ ಮರ್ತಿರಲಿಲ್ಲರೀ. ಕಣ್ಣಿನ ಕ್ಯಾಂಪಿನ ಸುದ್ದಿ ಕಳ್ಸಿದ್ದ. ಕಂಡಕ್ಟರ್ ತಂದು ನನಗ ಹೇಳಿದ್ದ. ನಾ ಬರೀಲಿಲ್ಲ. ನಿಮ್ಮ ತಾಯಿ ಹೆಸರು ಚಂದ ಬರ್ದಿದ್ದೆ, ನೀವೆಲ್ಲ ಹೊಗಳಿದ್ರಿ, ಅದನ್ನ ಅಳಸಾಕ ನನಗ ಮನಸ್ಸಾಗಲಿಲ್ಲ. ಆಮ್ಯಾಲ ನಿಮ್ಮ ಮುಂದ ಸುದ್ದಿ ಬಂದಿಲ್ಲ ಅಂತ ಸುಳ್ಳು ಹೇಳ್ದೆ. ಆ ಕಂಡಕ್ಟರ್ ಹುಡುಗನ ನೌಕ್ರಿ ಉಳಸಾಕ, ನನ್ನ ಮಾನ ಉಳಸಾಕ, ಇಂವ ತನ್ನ ಹೆಸರು ಕೆಡಿಸ್ಕೊಂಡ.”

ಯಾರೂ ನಗಲಿಲ್ಲ. ಅಧ್ಯಕ್ಷರು ಮೈಕನ್ನು ಆಚೆ ಸರಿಸಿದರು. ನಾನು ತಮ್ಮನ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಕೈ ಇನ್ನೂ ನನ್ನ ಸೆರಗಿನ ಮೇಲಿತ್ತು.

“ನಿನಗ ಇಷ್ಟು ವರ್ಷ ಮಂದಿ ಅಂದದ್ದೆಲ್ಲ ನನಗ ಅನ್ನಬೇಕಿತ್ತು. ತಪ್ಪಾತು ತಮ್ಮಾ. ನಂದs ತಪ್ಪು.”